ಕೂಡಿಸಿ ಹೇಳುವ ಪಾಠ

ಮೊಬೈಲು ಹೊಡೆದುಕೊಂಡ ಕೂಡಲೇ ಶಿಲ್ಪಾ ಅದನ್ನು ಸ್ಪೀಕರಿಗೆ ಹಾಕಿ ನನ್ನ ಮುಂದೆ ಹಿಡಿದಳು. ಕ್ಲಾಸಿಗೆ ಬೇರೆ ಯಾರೂ ಬಂದಿರಲಿಲ್ಲ. ಕೆಳಗಿನ ದರ್ಶಿನಿಯಿಂದ ಸಾಂಬಾರಿನ ವಾಸನೆ ಮೇಲೇರುತ್ತಿತ್ತು.

"ದಟ್ ಗ್ರೀನ್ ದುಪಟ್ಟಾ," ಎಂದಿತು ಒಂದು ಗಂಡುದನಿ, ಮೆತ್ತಗೆ. "ಪುಟಿಟಾನಗೇನ್."

ನಾಲ್ಕು ಇಂಗ್ಲಿಷ್ ಪದ ಒಂದೇ ಉಸಿರಿನಲ್ಲಿ: ಮತ್ತೊಮ್ಮೆ ಹಾಕಿಕೋ ಎಂದು. ಕರೆ ಕಡಿದುಹೋಯಿತು.

"ದಿನಾ ಬ್ಯಾರೆ ಬ್ಯಾರೆ ಕಾಯಿನ್ ಬೂತಿನಿಂದ ಮಾಡ್ತಾನ್ರೀ. ಆ ದುಪಟ್ಟಾ ನಾ ಹೊರಗ ಹಾಕ್ಕೊಂಡೇ ಇಲ್ರೀ ಮೇಡಂ. ಚಂದ್ರಾ ಲೇಔಟಿನ ರೂಮಿನಾಗ, ಕನ್ನಡಿ ಮುಂದ ಒಮ್ಮೆ ಹೊದ್ದು ನೋಡೀನಿ, ಅಷ್ಟ." ಮೊಬೈಲನ್ನು ಬ್ಯಾಗಿಗೆ ಹಾಕುತ್ತ ಹೇಳಿದಳು: "ನೀವು ಕಲಿಸಿದಂಗ ಮಾತಾಡ್ತಾನ್ರೀ."

ಅದು ನನಗೂ ಕೇಳಿಸಿತ್ತು. ಕಾಲ್ ಸೆಂಟರ್ ಕೆಲಸ ಹುಡುಕುವವರಿಗೆ ವಿಜಯನಗರದ ಈ ಕೋಣೆಯಲ್ಲಿ ನಾನು ಇಂಗ್ಲಿಷ್ ಮಾತು ಕಲಿಸುತ್ತೇನೆ. ಕನ್ನಡದಲ್ಲಿ 'ಹೇಗೆ' ಎಂದು ನಿಲ್ಲಿಸಿ ಆಮೇಲೆ 'ಇದ್ದೀರಿ' ಅನ್ನುತ್ತೇವೆಯೇ? 'ಹೇಗಿದ್ದೀರಿ' ಎಂದು ಒಂದೇ ಉಸಿರಿನಲ್ಲಿ ಕೂಡಿಸುತ್ತೇವೆ. ಇಂಗ್ಲಿಷನ್ನೂ ಹಾಗೇ ಕೂಡಿಸಿ ಎಂದು ಹೋದ ವಾರವಷ್ಟೇ ಹೇಳಿಕೊಟ್ಟಿದ್ದೆ. ಮೊದಲು ಒಬ್ಬೊಬ್ಬರ ಮಾತಿನಲ್ಲೂ ಅವರವರ ಊರು ಕೇಳುತ್ತಿತ್ತು. ಅದನ್ನು ತಿಕ್ಕಿ ತಿಕ್ಕಿ ನಾನೇ ಅಳಿಸಿದ್ದೆ. ಈಗ ಫೋನಿನಲ್ಲಿ ಕೇಳಿದ ದನಿ ನನ್ನ ಕ್ಲಾಸಿನ ಮೂವರು ಗಂಡಸರಲ್ಲಿ ಯಾರದಾದರೂ ಆಗಬಹುದಿತ್ತು.

ಮೂವರೂ ಬಂದು ಕೂತರು. ಹಲಗೆಯ ಮೇಲೆ ಐದಾರು ಸಾಲು ಬರೆದು, ನಡುವೆ ಫೋನಿನಲ್ಲಿ ಕೇಳಿದ ಆ ಮಾತನ್ನೂ ಸೇರಿಸಿದೆ.

"ಒಬ್ಬೊಬ್ಬರಾಗಿ ಓದಿ."

ನಾಯಂಡಹಳ್ಳಿಯ ಜೀವನ್ ಸರಾಗವಾಗಿ ಓದಿ ನಕ್ಕ. "ಪುಟಿಟಾನಗೇನ್! ಇದನ್ನ ನಮ್ಮಜ್ಜಿಗೆ ಹೇಳಿದ್ರೆ, ಅದ್ಯಾವೂರ ತಿಂಡಿ ಕಣೋ ಅಂತಾರೆ ಮೇಡಂ."

"ನಿಂಗೆ ಯಾವಾಗ್ಲೂ ತಿಂಡೀದೇ ಚಿಂತೆ ಗುರು," ಎಂದ ಹನುಮೇಶ. ಅವನೂ ಹಾಗೇ ಓದಿದ, ಒಂದೂ ಬಿರುಕಿಲ್ಲದೆ. ಶಿಲ್ಪಾ ತಲೆ ಎತ್ತಲಿಲ್ಲ. ಇಬ್ಬರ ದನಿಯೂ ಫೋನಿನದೇ ಅನ್ನಿಸಿತು.

ಉಳಿದವನು ಲಕ್ಷ್ಮೀಪತಿ. ಕ್ಲಾಸಿಗೆಲ್ಲ ಜಾಣ. ಕೂಡಿಸಿ ಹೇಳುವುದನ್ನು ಒಂದೇ ದಿನದಲ್ಲಿ ಕಲಿತು, ಉಳಿದವರಿಗೆ ತಾನೇ ಹೇಳಿಕೊಟ್ಟವನು. ಅವನು ಮೊದಲ ಸಾಲುಗಳನ್ನು ನೀರು ಹರಿದಂತೆ ಓದಿದ. ಆ ಸಾಲಿಗೆ ಬಂದು ನಿಂತ. ಹಲಗೆ ನೋಡಿದ, ಶಿಲ್ಪಾಳ ಬಾಗಿದ ತಲೆ ನೋಡಿದ.

"ಪುಟ್. ಇಟ್. ಆನ್. ಅಗೇನ್."

ಶಾಲೆಯ ಹುಡುಗ ಮಗ್ಗಿ ಒಪ್ಪಿಸಿದ ಹಾಗೆ.

"ಏನಪ್ಪಾ ಲಕ್ಷ್ಮೀಪತಿ, ಎಲ್ಲಾ ಮರೆತೋಯ್ತಾ?" ಎಂದು ಜೀವನ್ ಮೇಜು ಕುಟ್ಟಿ ನಕ್ಕ. ಲಕ್ಷ್ಮೀಪತಿ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದ. ನಾನು ಬೇಗ ಮುಖ ತಿರುಗಿಸಬೇಕಿತ್ತು; ತಿರುಗಿಸಲಿಲ್ಲ.

ಮುಂದಿನ ಸಾಲುಗಳನ್ನು ಹೇಗೋ ಮುಗಿಸಿದೆ. ಎಲ್ಲರೂ ಏಳುವಾಗ ಶಿಲ್ಪಾಳ ಕೈ ಹಿಡಿದು, "ಇವತ್ತು ನಮ್ಮನೆಗೆ ಬಾ. ಸ್ವಲ್ಪ ಪ್ರಾಕ್ಟೀಸ್ ಮಾಡೋಣ," ಎಂದೆ. ದನಿ ಸಹಜವಾಗಿಯೇ ಇತ್ತು ಅಂದುಕೊಂಡೆ.

ಜೀವನ್, ಹನುಮೇಶ ಇಳಿದುಹೋದರು. ಲಕ್ಷ್ಮೀಪತಿ ಮೆಟ್ಟಿಲಿನ ಬಳಿ ಚಪ್ಪಲಿ ಹಾಕಿಕೊಳ್ಳುತ್ತ ನಿಂತಿದ್ದ. ಪಕ್ಕಕ್ಕೆ ಸರಿದು ವಿನಯದಿಂದ ದಾರಿ ಬಿಟ್ಟ.

"ಕರ್ಕೊಂಡ್ ಹೋಗಿ ಮೇಡಂ, ಒಳ್ಳೇದೇ," ಎಂದ. "ಆದ್ರೆ ನಿಮ್ಮನೆ ಗೇಟಿನ ಚಿಲಕ ಇನ್ನೂ ರಿಪೇರಿ ಆಗಿಲ್ಲ, ಅಲ್ವಾ?"

ಬಸವೇಶ್ವರನಗರದ ನನ್ನ ಮನೆ ಎಲ್ಲಿದೆಯೆಂದು ಕ್ಲಾಸಿನಲ್ಲಿ ಯಾರಿಗೂ ನಾನು ಹೇಳಿರಲಿಲ್ಲ.

ಕೆಳಗೆ ಒಂದು ಆಟೋ ಸಿಕ್ಕಿತು. ಶಿಲ್ಪಾಳನ್ನು ಒಳಕ್ಕೆ ದೂಡಿ ನಾನೂ ಕೂತೆ.

"ಎಲ್ಲಿಗೆ ಮೇಡಂ?"

ದರ್ಶಿನಿಯ ಕಾಯಿನ್ ಬೂತಿನ ಮಗ್ಗುಲ ಮೆಟ್ಟಿಲ ಮೇಲೆ ಲಕ್ಷ್ಮೀಪತಿ ಇನ್ನೂ ನಿಂತಿದ್ದ. ಮನೆಯ ವಿಳಾಸ ಬಾಯಿಯವರೆಗೆ ಬಂದಿತ್ತು, ನುಂಗಿಕೊಂಡೆ. "ಪೊಲೀಸ್ ಸ್ಟೇಷನ್," ಎಂದೆ. ಅವನಿಗೂ ಕೇಳಿಸಲೆಂದು, ಎರಡೂ ಪದ ಬಿಡಿಸಿ ಬಿಡಿಸಿ ಹೇಳಿದೆ.

ಆಟೋ ತಿರುವು ದಾಟುವಷ್ಟರಲ್ಲಿ ಶಿಲ್ಪಾಳ ಬ್ಯಾಗಿನೊಳಗೆ ಮೊಬೈಲು ಹೊಡೆದುಕೊಳ್ಳತೊಡಗಿತು.