ಪಿಕಪ್ಪಿನ ಮುಂದಿನ ಸೀಟು

ಅಪ್ಪಯ್ಯಣ್ಣನವರ ಮಾರಿಸ್ ಕಾರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಬೆಳಿಗ್ಗೆ ಹ್ಯಾಂಡಲ್ ಹಾಕಿ ತಿರುಗಿಸಿದರೆ ಕೆಮ್ಮಿಕೊಂಡು ಏಳುತ್ತಿತ್ತು, ಹೇಳಿದ ಕಡೆ ಹೋಗುತ್ತಿತ್ತು, ಹೋದಷ್ಟೇ ನಿಧಾನವಾಗಿ ವಾಪಸ್ಸು ಬರುತ್ತಿತ್ತು. ದೊಡ್ಡಬೆಳವಂಗಲದ ಸುತ್ತಮುತ್ತ ಆ ಬೂದುಬಣ್ಣದ ಕಾರು ಬಂದರೆ ದಾರಿಯಲ್ಲಿ ಮಲಗಿದ ಎಮ್ಮೆಗಳು ಏಳುತ್ತಿರಲಿಲ್ಲ. ಕಾರೇ ಬಳಸಿಕೊಂಡು ಹೋಗುತ್ತದೆಂದು ಅವಕ್ಕೆ ಗೊತ್ತಿತ್ತು.

ಎಪ್ಪತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಪಕ್ಕದ ಊರಿನ ವೆಂಕಟರಾಯಪ್ಪ ಹೊಸ ಜೀಪು ತಂದ. ಅವನದೂ ದ್ರಾಕ್ಷಿ ತೋಟ, ಇವರದೂ ದ್ರಾಕ್ಷಿ ತೋಟ. ದೊಡ್ಡಬಳ್ಳಾಪುರದ ಕೆರೆ ಏರಿಯ ಮೇಲೆ ಒಂದು ದಿನ ಆ ಜೀಪು ಮಾರಿಸ್ಸನ್ನು ಹಿಂದೆ ಹಾಕಿ ಹೋಯಿತು. ಹಾರನ್ ಹೊಡೆದು ಹೋಗಿದ್ದರೆ ಅಪ್ಪಯ್ಯಣ್ಣ ಮರೆತುಬಿಡುತ್ತಿದ್ದರೋ ಏನೋ. ವೆಂಕಟರಾಯಪ್ಪ ಕೈ ಬೀಸಿದ. ಜಗಲಿಯ ಮೇಲೆ ಕೂತ ಮುದುಕರಿಗೆ ಬೀಸುವಂತೆ, ನಗುನಗುತ್ತಾ ಬೀಸಿದ. ಅವನೆಬ್ಬಿಸಿದ ಧೂಳನ್ನು ಅಪ್ಪಯ್ಯಣ್ಣ ನುಂಗಿದರು. ಆ ರಾತ್ರಿ ಬೇರೆ ಏನೂ ನುಂಗಲಿಲ್ಲ.

ಅವತ್ತು ಹಿಂದಿನ ಸೀಟಿನಲ್ಲಿದ್ದ ಮಗಳು ಕದಿರಮ್ಮನಿಗೆ ಜೀಪು ಹಿಂದೆ ಹಾಕಿದ್ದು ಅಷ್ಟಾಗಿ ನೆನಪಿಲ್ಲ. ಜೀಪಿನ ಹಿಂಬದಿಯಲ್ಲಿ ಕೂತಿದ್ದ ಆಳು, ಗಾಳಿಗೆ ಹಾರುತ್ತಿದ್ದ ಟವೆಲ್ಲನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದು ಮಾತ್ರ ನೆನಪಿದೆ. ಅವಳು ನೋಡುತ್ತಿದ್ದುದೇ ಅಂಥವನ್ನು. ಮೈನೆರೆದ ಮೇಲೆ ಏಳನೇ ಕ್ಲಾಸಿಗೇ ಶಾಲೆ ಬಿಡಿಸಿದ್ದರು. ಈಗ ಹತ್ತೊಂಬತ್ತು ವರ್ಷ. ಮನೆಗೆ ನಾಲ್ಕು ಜನ ಬಂದರೆ ಕಣಜದ ಹಿಂದೆ ಹೋಗಿ ನಿಲ್ಲುವ ಹುಡುಗಿ. ಆದರೆ ಮಾರಿಸ್ಸಿನ ಹಿಂದಿನ ಕಿಟಕಿಗೆ ಅವ್ವ ಹಳೇ ಸೀರೆಯಲ್ಲಿ ಹೊಲಿದು ಹಾಕಿದ ಪರದೆಯಿತ್ತು. ಅದನ್ನು ಬೆರಳಗಲ ಸರಿಸಿಕೊಂಡರೆ ಸಾಕು, ಯಾರ ಕಣ್ಣಿಗೂ ಬೀಳದೆ ಅವಳು ಎಲ್ಲರನ್ನೂ ನೋಡಬಹುದಿತ್ತು. ವಾರಕ್ಕೊಂದು ಸಲ ದೊಡ್ಡಬಳ್ಳಾಪುರದ ಬೀದಿಯಲ್ಲಿ ಕಂಡದ್ದನ್ನು ಅವಳು ವಾರಪೂರ್ತಿ ಮುದ್ದೆ ಕಟ್ಟುತ್ತಾ, ಹಿಟ್ಟು ಜರಡಿಯಾಡುತ್ತಾ ಮತ್ತೆ ಮತ್ತೆ ನೋಡಿಕೊಳ್ಳುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಅವಳಿಗೆ ಉಳಿದಿದ್ದ ಲೋಕ ಅಷ್ಟೇ.

ಹೊಸಕೋಟೆಯಲ್ಲಿ ಹಳೇ ಗಾಡಿಗಳನ್ನು ಬಿಚ್ಚಿ ಜೋಡಿಸುವ ಬೈಲಪ್ಪನ ಶೆಡ್ಡಿನಲ್ಲಿ ಒಂದು ಪಿಕಪ್ಪು ನಿಂತಿತ್ತು. ಮಿಲಿಟರಿ ಹರಾಜಿನದು. ಹಸಿರಿನ ಮೇಲೆ ಕೆಂಪು ಬಳಿದಿದ್ದರು.

"ಅಣ್ಣಾ, ಇದು ಗಾಡಿ ಅಲ್ಲ, ಚಿರತೆ" ಎಂದ ಬೈಲಪ್ಪ. "ಹೆಬ್ಬಾಳದಲ್ಲಿ ಬೀಡಿ ಹಚ್ಚಿದ್ರೆ ಯಲಹಂಕದಲ್ಲಿ ಬಿಸಾಕ್ಬೋದು."

ಅಪ್ಪಯ್ಯಣ್ಣ ಬೀಡಿ ಸೇದುವವರಲ್ಲ. ಆದರೂ ಮಾರಿಸ್ಸನ್ನು ಅಲ್ಲೇ ಬಿಟ್ಟು, ಮೇಲಷ್ಟು ಕೊಟ್ಟು, ಚಿರತೆಯ ಮೇಲೆ ಕೂತು ಊರಿಗೆ ಬಂದರು. ಬಾಗಿಲ ಮುಂದೆ ಬ್ರೇಕು ಹಾಕಿದಾಗ ಪಡಸಾಲೆಯ ಗೋಡೆಗೆ ಒರಗಿಸಿದ್ದ ಒನಕೆ ತಾನಾಗಿ ಉರುಳಿತು.

"ದ್ರಾಕ್ಷಿಗೋಸ್ಕರ ಕಣೇ" ಎಂದರು ಹೆಂಡತಿಗೆ, ಅವಳು ಕೇಳುವ ಮುಂಚೆಯೇ. "ಮಂಡಿಗೆ ಮೊದಲು ಹೋದೋನಿಗೆ ಮೊದಲು ಮರ್ಯಾದೆ."

ಹೆಂಡತಿ ಮುನಿಲಕ್ಷ್ಮಮ್ಮ ಗಾಡಿಯನ್ನು ಒಂದು ಸುತ್ತು ಬಂದಳು. ಮುಂದೆ ಒಂದೇ ಒಂದು ಉದ್ದನೆಯ ಸೀಟು. ಬಾಗಿಲುಗಳಿಗೆ ಗಾಜಿಲ್ಲ. ಹಿಂದೆ ಬಯಲು.

"ನಾವೆಲ್ಲಿ ಕೂರೋದು?"

"ಹಿಂದೆ ಎಷ್ಟು ಜಾಗ ಐತೆ ನೋಡೇ! ಹತ್ತು ಜನ ಮಲಗ್ಬೋದು."

"ಮಲಗೋಕೆ ಮನೆ ಐತಲ್ಲ" ಎಂದಳು ಮುನಿಲಕ್ಷ್ಮಮ್ಮ. ಕದಿರಮ್ಮ ಬಾಗಿಲ ಸಂದಿಯಿಂದ ಕಿಟಕಿಗಾಗಿ ಹುಡುಕಿದಳು. ಕಿಟಕಿ ಇರಲಿಲ್ಲ.

ಆ ವಾರ ಅವ್ವ ಮಗಳಿಬ್ಬರೂ ದ್ರಾಕ್ಷಿ ಬುಟ್ಟಿಗಳ ನಡುವೆ ಜಮಖಾನ ಹಾಸಿಕೊಂಡು ದೊಡ್ಡಬಳ್ಳಾಪುರಕ್ಕೆ ಹೋದರು. ಮುಂದೆ ಅಪ್ಪಯ್ಯಣ್ಣನ ಪಕ್ಕದಲ್ಲಿ ಊರಿನ ಇಬ್ಬರು ಗಂಡಸರು ಇಂಜಿನ್ನಿನ ಸದ್ದನ್ನು ಹೊಗಳುತ್ತಾ ಕೂತಿದ್ದರು. ಬಸ್‌ಸ್ಟ್ಯಾಂಡಿನ ಹತ್ತಿರ ಗಾಡಿ ನಿಂತಾಗ ಹಿಂದೆ ಕೂತ ಹೆಂಗಸರ ಸುತ್ತ ನಾಲ್ಕು ಕಡೆಯಿಂದಲೂ ಕಣ್ಣು. ಟೀ ಅಂಗಡಿಯ ಕಂಬಕ್ಕೆ ಒರಗಿ ಬೀಡಿ ಸೇದುತ್ತಿದ್ದ ಒಬ್ಬ ಗುಂಗುರುಗೂದಲಿನವನು ಕೂಗಿದ:

"ಏನ್ ಗುರು, ಹೆಣ್ಮಕ್ಕಳನ್ನೂ ಬುಟ್ಟೀಲಿ ತಂದಿದ್ದೀರಾ? ಮಣ ಹೆಂಗೆ?"

ಟೀ ಕುಡಿಯುತ್ತಿದ್ದವರೆಲ್ಲ ನಕ್ಕರು. ಮುಂದೆ ಕೂತ ಗಂಡಸರಿಗೆ ಇಂಜಿನ್ನಿನ ಸದ್ದಿನಲ್ಲಿ ಅದು ಕೇಳಿಸಲಿಲ್ಲ. ಕದಿರಮ್ಮ ಸೆರಗನ್ನು ಮೂಗಿನ ತನಕ ಎಳೆದುಕೊಂಡಳು. ಮನೆಗೆ ಬರುವ ತನಕ ತನ್ನ ಕಾಲಿನ ಎರಡು ಹೆಬ್ಬೆರಳುಗಳನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಆಮೇಲೆ "ತಲೆನೋವು" ಎಂದಳು, "ಕೆಲಸ ಐತೆ" ಎಂದಳು, ಮತ್ತೆ ಗಾಡಿ ಹತ್ತಲಿಲ್ಲ. ನೋಡಿದ್ದೆಲ್ಲ ಖರ್ಚಾಗಿ ಹೋದ ಮೇಲೆ ಹಿಟ್ಟು ಜರಡಿಯಾಡುವಾಗ ಹಿಟ್ಟನ್ನೇ ನೋಡಬೇಕಾಯಿತು.

ಇತ್ತ ಚಿರತೆ ಓಡಿತು. ಎಲ್ಲರಿಗಿಂತ ಮೊದಲು ಮಂಡಿ ಸೇರಿತು. ಮಂಡಿಯ ಆದಿನಾರಾಯಣಪ್ಪ ಬುಟ್ಟಿಯ ಮೇಲಿನ ಎಲೆ ಸರಿಸಿ, ಕೈ ಹಾಕಿ, ಮೊಣಕೈ ತನಕ ನೀಲಿಯಾದ ಕೈಯನ್ನು ಹೊರತೆಗೆದ.

"ಅಪ್ಪಯ್ಯಣ್ಣ, ಹಣ್ಣು ತಂದಿದ್ದೀರೋ ಶರಬತ್ತು ತಂದಿದ್ದೀರೋ?"

"ತಳದಲ್ಲಿರೋದು ಸ್ವಲ್ಪ ಮೆತ್ತಗಾಗಿರ್ಬೋದು" ಎಂದರು ಅಪ್ಪಯ್ಯಣ್ಣ. "ಆದ್ರೆ ಎಷ್ಟು ಬೇಗ ಬಂತು ನೋಡಿದ್ಯಾ?"

ಶ್ರಾವಣ ಬಂತು. ಅವರ ಮನೆದೇವರು ಸಪ್ಪಲಮ್ಮ. ಗುಡಿ ಇದ್ದದ್ದು ದೊಡ್ಡಬಳ್ಳಾಪುರ ದಾಟಿ ಎರಡು ಮೈಲಿ ಆಚೆ, ಹೊಂಗೆ ತೋಪಿನಲ್ಲಿ. ಶ್ರಾವಣದ ಮೊದಲ ಶುಕ್ರವಾರ ಮನೆಯ ಮದುವೆಯಾಗದ ಹೆಣ್ಣುಮಗಳು ತಂಬಿಟ್ಟಿನ ಮುದ್ದೆಯಲ್ಲಿ ಗುಳಿ ಮಾಡಿ, ತುಪ್ಪ ಹಾಕಿ, ದೇವರ ಮನೆಯಲ್ಲೇ ದೀಪ ಹಚ್ಚಿಕೊಂಡು ಹೋಗಿ ತಾಯಿಯ ಮುಂದೆ ಇಡಬೇಕು. ದಾರಿಯಲ್ಲಿ ದೀಪ ಆರಿದರೆ ಮನೆಗೆ ವಾಪಸ್ಸು ಬಂದು ಹಚ್ಚಿಕೊಂಡು ಮತ್ತೆ ಹೊರಡಬೇಕು. ಮಾರಿಸ್ಸಿನಲ್ಲಿ ಗಾಜು ಏರಿಸಿಕೊಂಡರೆ ದೀಪ ಅಲುಗುತ್ತಲೂ ಇರಲಿಲ್ಲ. ಹಾಗಾಗಿ ಈ ಕಟ್ಟಳೆ ಎಷ್ಟು ಕಷ್ಟದ್ದೆಂದು ಆ ಮನೆಯವರಿಗೆ ಮರೆತೇ ಹೋಗಿತ್ತು.

ಆ ಶುಕ್ರವಾರ ಅಪ್ಪಯ್ಯಣ್ಣ ವೆಂಕಟರಾಯಪ್ಪನನ್ನೂ ಕರೆದಿದ್ದರು. ಭಕ್ತಿಗಲ್ಲ. "ಒಂದು ಸಲ ಕೂತು ನೋಡು ಗುರು, ಆಮೇಲೆ ಜೀಪಿನ ಮಾತಾಡು" ಎಂದಿದ್ದರು. ವೆಂಕಟರಾಯಪ್ಪ ಇಸ್ತ್ರಿ ಮಾಡಿದ ಬಿಳೀ ಪಂಚೆಯುಟ್ಟು ಬಂದು ಮುಂದಿನ ಸೀಟಿನಲ್ಲಿ ಕಾಲು ಅಗಲಿಸಿ ಕೂತ. ಕದಿರಮ್ಮನಿಗೆ ಈ ಸಲ ತಲೆನೋವಿನ ನೆವ ಹೇಳುವಂತಿರಲಿಲ್ಲ. ಹಿತ್ತಾಳೆ ತಟ್ಟೆಯಲ್ಲಿ ದೀಪ ಇಟ್ಟುಕೊಂಡು, ತಾಯಿಗೆ ಬಿಡಲು ತಂದ ಕೋಳಿಯ ಪಕ್ಕದಲ್ಲಿ, ಅವ್ವನ ಜೊತೆ ಹಿಂದೆ ಕೂತಳು.

ಊರ ಬಾವಿ ದಾಟುವ ಮೊದಲೇ ದೀಪ ಆರಿತು. ವಾಪಸ್ಸು ಬಂದರು, ಹಚ್ಚಿದರು.

"ಈ ಸಲ ಜೋರಾಗಿ ಹೊಡೀತೀನಿ" ಎಂದರು ಅಪ್ಪಯ್ಯಣ್ಣ. "ಗಾಳಿಗೆ ಗೊತ್ತಾಗೋ ಮುಂಚೆ ಗುಡೀಲಿರ್ತೀವಿ."

ಗಾಳಿಗೆ ಗೊತ್ತಾಯಿತು. ಈ ಸಲ ದೀಪದ ಜೊತೆಗೆ ತಂಬಿಟ್ಟೂ ತಟ್ಟೆಯಿಂದ ಹಾರಿತು. ಅರ್ಧವನ್ನು ಕೋಳಿ ತಿಂದಿತು. ಮತ್ತೆ ಮನೆ, ಮತ್ತೆ ಹಿಟ್ಟು ಕಲಸಿದ್ದು, ಮತ್ತೆ ದೀಪ. ವೆಂಕಟರಾಯಪ್ಪ ಸೀಟಿನಿಂದ ಇಳಿಯದೆ ಕೂತಲ್ಲೇ ನಗುತ್ತಿದ್ದ. "ಅಪ್ಪಯ್ಯಣ್ಣ, ನಿನ್ನ ಗಾಡಿ ವೇಗ ನಿಜ ಕಣಪ್ಪ. ಎರಡೆರಡು ಸಲ ಮನೆಗೆ ಬಂದ್ಬಿಟ್ವಲ್ಲ!"

ಮೂರನೇ ಸಲ ಹೊರಡುವಾಗ ಕದಿರಮ್ಮ ಹಿಂದಕ್ಕೆ ಹೋಗಲಿಲ್ಲ. ತಟ್ಟೆ ಹಿಡಿದು ಮುಂದಿನ ಬಾಗಿಲ ಹತ್ತಿರ ನಿಂತಳು. ಬಸ್‌ಸ್ಟ್ಯಾಂಡಿನ ಕಂಬ, ಆ ಗುಂಗುರುಗೂದಲು, ಆ ನಗು ಕಣ್ಣ ಮುಂದೆ ಬಂದವು. ದೀಪವನ್ನೇ ನೋಡುತ್ತಾ, ಅದಕ್ಕೇ ಹೇಳುವಂತೆ ಹೇಳಿದಳು:

"ಮುಂದೆ ಕೂತ್ರೆ ಆರಲ್ಲ."

ಅವಳು ಗಂಡಸರ ಎದುರು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಮುನಿಲಕ್ಷ್ಮಮ್ಮ ಮಗಳ ಮುಖ ನೋಡಿ, ಆ ಮಾತನ್ನು ಕೆಳಗೆ ಬೀಳಲು ಬಿಡದೆ ಹಿಡಿದುಕೊಂಡಳು.

"ಮತ್ತಿನ್ನೇನು! ತಾಯೀನ ಕೋಳಿ ಜೊತೆ ಕೂರ್ಸಿ, ಗಂಡಸ್ರು ಮುಂದೆ ಮೆರೆದ್ರೆ ಅವಳಿಗೆ ಸಿಟ್ಟು ಬರಲ್ವಾ? ವೆಂಕಟರಾಯಪ್ಪ, ಇಳಿಯಪ್ಪ ಸ್ವಲ್ಪ."

ತಾಯಿಯ ಹೆಸರೆತ್ತಿದ ಮೇಲೆ ವೆಂಕಟರಾಯಪ್ಪ ಇಳಿಯಲೇಬೇಕಾಯಿತು. ಬಿಳೀ ಪಂಚೆ ಎತ್ತಿ ಕಟ್ಟಿ ಹಿಂದೆ ಹೋಗಿ ಕೋಳಿಯ ಪಕ್ಕ ಕೂತ. ಅಪ್ಪಯ್ಯಣ್ಣನ ಪಕ್ಕ ಕದಿರಮ್ಮ, ಗಾಜಿಲ್ಲದ ಬಾಗಿಲ ಕಡೆ ಸೆರಗು ಹಿಡಿದು ಅವಳವ್ವ.

ಚಿರತೆ ಒಂದನೇ ಗೇರಿನಲ್ಲಿ ಹೊರಟಿತು. ಎರಡನೇ ಗೇರು ಹಾಕಿದರೆ ದೀಪ ಬಗ್ಗುತ್ತಿತ್ತು. ದೀಪ ಬಗ್ಗಿದರೆ ಮುನಿಲಕ್ಷ್ಮಮ್ಮ "ಶ್" ಎನ್ನುತ್ತಿದ್ದಳು. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲು ಮುಂದೆ ಹೋಯಿತು. ಸೌದೆ ಹೊತ್ತ ಹೆಂಗಸರು ಒಂದಷ್ಟು ದೂರ ಜೊತೆಯಲ್ಲೇ ನಡೆದುಬಂದು, ಮಾತು ಮುಗಿದ ಮೇಲೆ ಮುಂದೆ ಹೋದರು. ಕೆರೆ ಏರಿಯ ಮೇಲೆ ಎತ್ತಿನ ಗಾಡಿಯವನೊಬ್ಬ ಪಕ್ಕಕ್ಕೆ ಬಂದು ಕೇಳಿದ:

"ಅಣ್ಣಾ, ಕೆಟ್ಟೋಗೈತಾ? ಹಗ್ಗ ಕೊಡ್ಲಾ?"

"ಹೋಗಯ್ಯಾ ಸುಮ್ನೆ!" ಎಂದರು ಅಪ್ಪಯ್ಯಣ್ಣ.

ಹಿಂದಿನಿಂದ ವೆಂಕಟರಾಯಪ್ಪನ ದನಿ ಬಂತು. "ಚಿರತೆ ಮಲ್ಕೊಂಬಿಡ್ತಾ ಅಪ್ಪಯ್ಯಣ್ಣ? ಈ ಕೋಳಿ ಇಳಿದು ನಡ್ಕೊಂಡು ಬರ್ತೀನಿ ಅಂತೈತೆ!"

ಬಸ್‌ಸ್ಟ್ಯಾಂಡು ಹತ್ತಿರವಾದಂತೆ ಕದಿರಮ್ಮ ತಟ್ಟೆಯನ್ನು ಮುಖದ ಮಟ್ಟಕ್ಕೆ ಎತ್ತಿ ತಲೆ ತಗ್ಗಿಸಿದಳು. ಅದೇ ಕಂಬಕ್ಕೆ ಅದೇ ಗುಂಗುರುಗೂದಲಿನವನು ಒರಗಿದ್ದ. ಅವನು ಗಾಡಿ ನೋಡಿದ, ಬಾಯಿ ತೆರೆದ, ದೀಪ ಕಂಡಿತು. ಬೀಡಿಯನ್ನು ಹಿಂದೆ ಬಚ್ಚಿಟ್ಟುಕೊಂಡು ಇನ್ನೊಂದು ಕೈಯಲ್ಲಿ ಕೆನ್ನೆ ಮುಟ್ಟಿಕೊಂಡ. ಟೀ ಅಂಗಡಿಯವರೆಲ್ಲ ಎದ್ದು ನಿಂತು ಕೈ ಮುಗಿದರು. ಎಲ್ಲರ ಕಣ್ಣೂ ದೀಪದ ಮೇಲೆ. ಅದರ ಹಿಂದೆ ಒಂದು ಹುಡುಗಿಯ ಮುಖ ಇದೆಯೆಂದು ಅವರಾರಿಗೂ ಹೊಳೆದಂತಿರಲಿಲ್ಲ.

ಕದಿರಮ್ಮ ನಿಧಾನವಾಗಿ ತಲೆಯೆತ್ತಿದಳು. ಎದುರಿಗೆ ಎಷ್ಟು ದೊಡ್ಡ ಗಾಜು! ಮಗ್ಗದ ಮನೆಯಿಂದ ಹೊರಬಂದ ಹೆಂಗಸರ ಕೂದಲಲ್ಲಿ ಬಣ್ಣಬಣ್ಣದ ನೂಲಿನ ಚೂರು ಸಿಕ್ಕಿಕೊಂಡಿತ್ತು. ದರ್ಜಿಯೊಬ್ಬ ನಾಲಿಗೆ ಹೊರಗೆ ಹಾಕಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದ. ಟೆಂಟ್ ಸಿನಿಮಾದವನು ಗೋಡೆಗೆ ನಾಯಕಿಯ ಸೊಂಟದಿಂದ ಮೇಲಿನ ಅರ್ಧ ಅಂಟಿಸಿ, ಕೆಳಗಿನ ಅರ್ಧ ಎಲ್ಲಿ ಹೋಯಿತೆಂದು ಚೀಲದಲ್ಲಿ ಹುಡುಕುತ್ತಿದ್ದ. ಮಾರಿಸ್ಸಿನ ಪರದೆಯ ಸಂದಿಯಲ್ಲಿ ಎಲ್ಲವೂ ಚೂರುಚೂರಾಗಿ ಬಂದು ಹೋಗುತ್ತಿತ್ತು. ಇಲ್ಲಿ ಪೂರ್ತಿ ಬರುತ್ತಿತ್ತು, ನಿಂತು ಮಾತಾಡಿಸಿಕೊಂಡು ಹೋಗುವಷ್ಟು ನಿಧಾನವಾಗಿ.

ದೀಪವನ್ನು ತಾಯಿಯ ಮುಂದಿಟ್ಟಾಯಿತು. ವಾಪಸ್ಸು ಹೊರಡುವಾಗ ಅಪ್ಪಯ್ಯಣ್ಣ ನಿಟ್ಟುಸಿರು ಬಿಟ್ಟು, "ಇನ್ನ ದೀಪ ಇಲ್ಲ. ಬಾರೋ ವೆಂಕಟರಾಯಪ್ಪ, ಮುಂದೆ ಬಾ, ಈಗ ತೋರಿಸ್ತೀನಿ" ಎಂದರು. ಕದಿರಮ್ಮ ಅವ್ವನ ಕಡೆ ನೋಡಿದಳು, ಅಷ್ಟೇ.

"ಇಲ್ಲಿ ಹಚ್ಚಿಕೊಂಡ ದೀಪಾನ ಮನೆಗೆ ತಗೊಂಡೋಗ್ಬೇಕು" ಎಂದಳು ಮುನಿಲಕ್ಷ್ಮಮ್ಮ. "ನಮ್ಮತ್ತೆ ಹೇಳಿದ್ರು."

"ನಮ್ಮವ್ವ ಯಾವಾಗ ಹೇಳಿದ್ಲು?"

"ನೀವು ಯಾವಾಗ ಕೇಳಿಸ್ಕೊಂಡಿದ್ರಿ?"

ಅಜ್ಜಿ ಸಾಯುವ ತನಕ ಅವಳ ಪಕ್ಕದಲ್ಲೇ ಮಲಗುತ್ತಿದ್ದ ಕದಿರಮ್ಮನೂ ಆ ಮಾತು ಕೇಳಿರಲಿಲ್ಲ. ಆದರೆ ತಟ್ಟೆ ಹಿಡಿದು ಮುಂದೆ ಹತ್ತಿ ಕೂತಳು.

ಮುಂದಿನ ಶುಕ್ರವಾರಕ್ಕೆ ಅವಳು ಹರಕೆ ಹೊತ್ತಳು. ಐದು ಶುಕ್ರವಾರದ್ದು. ಯಾಕೆಂದು ಅಪ್ಪ ಕೇಳಿದಾಗ ಕಣಜದ ಹಿಂದಿನಿಂದಲೇ ಹೇಳಿದಳು: "ನೀವು ಇಷ್ಟು ವೇಗದ ಗಾಡಿ ಓಡಿಸ್ತೀರ. ನಿಮಗೇನೂ ಆಗದಿರ್ಲಿ ಅಂತ."

ಅಪ್ಪಯ್ಯಣ್ಣ ಬೇಡವೆನ್ನಲಿಲ್ಲ, ದೀಪದ ತುಪ್ಪಕ್ಕೆ ತಾವೇ ದುಡ್ಡು ಕೊಟ್ಟರು. ಐದು ಮುಗಿದ ಮೇಲೆ ಇನ್ನೈದು ಬಂದವು, ಗಾಡಿಯ ಟೈರುಗಳ ಕ್ಷೇಮಕ್ಕೆ.

ಶುಕ್ರವಾರದ ಹಣ್ಣನ್ನೂ ಅದೇ ಗಾಡಿಯಲ್ಲಿ ಮಂಡಿಗೆ ಇಳಿಸಿ ಹೋಗುತ್ತಿದ್ದರು. ಆದಿನಾರಾಯಣಪ್ಪ ಎಲೆ ಸರಿಸಿದರೆ ಗೊಂಚಲಿನ ಮೇಲಿನ ಬೂದಿಯಂಥ ಪುಡಿ ಕೂಡ ಅಳಿಸಿರುತ್ತಿರಲಿಲ್ಲ. ಇಡೀ ಮಂಡಿಯಲ್ಲಿ ಅಂಥ ಹಣ್ಣು ಇರಲಿಲ್ಲ.

"ಹೆಂಗಪ್ಪಾ ಇದು?" ಎಂದ ಅವನು.

"ಸಪ್ಪಲಮ್ಮನ ಮಹಿಮೆ" ಎಂದರು ಅಪ್ಪಯ್ಯಣ್ಣ. ಅವರು ಅದನ್ನು ನಂಬಿಯೂ ಇದ್ದರು. ಒಂದನೇ ಗೇರಿನ ಮಹಿಮೆಯಿರಬಹುದೆಂದು ಅವರಿಗೆ ಹೊಳೆಯಲಿಲ್ಲ. "ಮಂಗಳವಾರ ಯಾವ ಹರಕೆನೂ ಇಲ್ವೇನಮ್ಮಾ?" ಎಂದು ಊಟಕ್ಕೆ ಕೂತಾಗ ಮಗಳನ್ನು ತಾವೇ ಕೇಳಿದರು.

ಸುದ್ದಿ ಹರಡಿತು. ವೆಂಕಟರಾಯಪ್ಪನ ಜೀಪಿನ ಮುಂದಿನ ಸೀಟಿನಲ್ಲೂ ಅವನ ಹೆಂಡತಿ ದೀಪ ಹಿಡಿದು ಕೂತಳು. ಒಂದು ಶುಕ್ರವಾರ ಕೆರೆ ಏರಿಯ ಮೇಲೆ ಚಿರತೆಯೂ ಜೀಪೂ ಅಕ್ಕಪಕ್ಕ ಬಂದವು. ಹಿಂದೆ ಹಾಕುವ ಧೈರ್ಯ ಇಬ್ಬರಿಗೂ ಇಲ್ಲ, ಹಿಂದೆ ಉಳಿಯುವ ಮನಸ್ಸೂ ಇಲ್ಲ. ಏರಿಯ ಉದ್ದಕ್ಕೂ ಇಬ್ಬರು ಯಜಮಾನರೂ ಸ್ಟೇರಿಂಗು ಹಿಡಿದು, ಹಲ್ಲು ಕಚ್ಚಿ, ನೇರ ಮುಂದೆ ನೋಡುತ್ತಾ ತೆವಳಿದರು. ಅವರ ಹಿಂದೆ ಎತ್ತಿನ ಗಾಡಿಗಳ ಸಾಲು ನಿಂತು ಬೈಯುತ್ತಿತ್ತು. ಎರಡು ದೀಪಗಳ ನಡುವೆ ಕದಿರಮ್ಮನೂ ವೆಂಕಟರಾಯಪ್ಪನ ಹೆಂಡತಿಯೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆ ಹೆಂಗಸು ಕಣ್ಣು ಮಿಟುಕಿಸಿದಳು.

ದೀಪಾವಳಿಯ ಹೊತ್ತಿಗೆ ಬೈಲಪ್ಪ ಮಾರಿಸ್ಸನ್ನು ಓಡಿಸಿಕೊಂಡು ಬಂದ. ಯಾರೂ ಕೊಂಡಿರಲಿಲ್ಲವಂತೆ. ಅಪ್ಪಯ್ಯಣ್ಣ ಅದನ್ನು ಒಂದು ಸುತ್ತು ಬಂದು, ತಗ್ಗಿದ ದನಿಯಲ್ಲಿ ಮಗಳಿಗೆ ಹೇಳಿದರು:

"ವಾಪಸ್ ತಗೊಂಬಿಡ್ಲಾ? ನಿಂಗೂ ಅನುಕೂಲ. ಪರದೆ ಹಂಗೇ ಐತೆ. ಗಾಜು ಏರಿಸ್ಕೊಂಡ್ರೆ ದೀಪನೂ ಆರಲ್ಲ. ನಾನೂ ಈ ಗಾಡೀನ ಒಂದು ಸಲ ನೆಟ್ಟಗೆ ಓಡಿಸ್ಬೋದು."

ಕದಿರಮ್ಮ ಬಾಗಿಲು ತೆಗೆದು ತನ್ನ ಹಳೇ ಜಾಗದಲ್ಲಿ ಕೂತಳು. ಸೀಟು ಮೆತ್ತಗಿತ್ತು. ಪರದೆಯನ್ನು ಬೆರಳಗಲ ಸರಿಸಿದಳು. ಬೆರಳಗಲದಷ್ಟು ಹಟ್ಟಿ ಕಂಡಿತು, ಅದರಲ್ಲಿ ಎಮ್ಮೆಯ ಒಂದು ಕಿವಿ. ಸ್ವಲ್ಪ ಹೊತ್ತು ಆ ಕಿವಿಯನ್ನು ನೋಡಿದಳು. ಆಮೇಲೆ ಇಳಿದು ಬಂದು ಅಪ್ಪನ ಎದುರಿಗೇ ನಿಂತಳು.

"ಬೇಡಪ್ಪ. ಇದರಲ್ಲಿ ತಾಯಿಗೆ ಉಸಿರು ಕಟ್ಟುತ್ತೆ."

ಮುನಿಲಕ್ಷ್ಮಮ್ಮ ಕೆಮ್ಮು ಬಂದವಳಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪಯ್ಯಣ್ಣ ಭಕ್ತಿಯಿಂದ ತಲೆಯಾಡಿಸಿ, ಬೈಲಪ್ಪನಿಗೆ ಗಾಡಿ ವಾಪಸ್ಸು ಒಯ್ಯಲು ಹೇಳಿ, ಪಿಕಪ್ಪಿನ ಮುಂದಿನ ಗಾಜನ್ನು ಟವೆಲ್ಲಿನಿಂದ ಒರೆಸಲು ನಿಂತರು. ಮಾರನೇ ದಿನ ಶುಕ್ರವಾರ.