ಕಡಕೊಳದಿಂದ ಬೇಗೂರಿನವರೆಗೆ

ಪ್ರಸನ್ನ ಹೆಣ್ಣು ನೋಡಲು ಕುಂಬಾರಕೊಪ್ಪಲಿಗೆ ಹೋದ ದಿನ ಮೊದಲು ನೋಡಿದ್ದು ಹುಡುಗಿಯನ್ನಲ್ಲ, ಅಂಗಳದಲ್ಲಿ ನಿಂತಿದ್ದ ಮರೂನ್ ಬಣ್ಣದ ಜಾವಾ ಮೋಟಾರ್ ಸೈಕಲನ್ನು. ಈ ಮಾತನ್ನು ಅವನೇ ಸ್ನೇಹಿತರ ಮುಂದೆ ಹೇಳಿಕೊಂಡು ನಗುತ್ತಿದ್ದ. ಹೆಂಡತಿ ಅನುಪಮಾಳೂ ನಗುತ್ತಿದ್ದಳು. ನಗದೆ ಇನ್ನೇನು ಮಾಡಿಯಾಳು, ಮಾತು ನಿಜವಾಗಿತ್ತು.

ಗಾಡಿ ಅವಳ ಅಪ್ಪ ಜವರಪ್ಪನವರದು. ಅವರು ಯಾದವಗಿರಿಯ ಮೋಟಾರ್ ಸೈಕಲ್ ಕಾರ್ಖಾನೆಯಲ್ಲಿ ದುಡಿದು, ಅಲ್ಲೇ ತಯಾರಾದ ಗಾಡಿಯನ್ನು ಮನೆಗೆ ತಂದವರು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಟ್ಯಾಂಕಿನಲ್ಲಿ ಇವತ್ತಿಗೂ ಮುಖ ನೋಡಿಕೊಳ್ಳಬಹುದಿತ್ತು. ಅದಕ್ಕೆ ಅಳಿಯನೇ ಕಾರಣ. ಮದುವೆಯಾದ ಮೊದಲ ಯುಗಾದಿಯಿಂದ ಹಿಡಿದು ಪ್ರಸನ್ನ ಭಾನುವಾರ ಬಂತೆಂದರೆ ವಿದ್ಯಾರಣ್ಯಪುರಂನ ತನ್ನ ಮನೆಯಿಂದ ಹೊರಟು, ಮಾವನ ಅಂಗಳದಲ್ಲಿ ಪಂಚೆ ಎತ್ತಿ ಕಟ್ಟಿ ಕೂತು ಜಾವಾ ಒರೆಸುತ್ತಿದ್ದ. ಹೆಂಡತಿ ಜ್ವರದಲ್ಲಿ ಮಲಗಿದ್ದ ಭಾನುವಾರವೂ ತಪ್ಪಿಸಿದವನಲ್ಲ. ಅವನದೇ ಒಂದು ಹಳೇ ಯೆಜ್ಡಿ ಇತ್ತು, ಅದರ ಮೇಲೆ ಧೂಳಿರುತ್ತಿತ್ತು. ಮಾವನಿಗೆ ಗಂಡು ಮಕ್ಕಳಿಲ್ಲ, ಜಾವಾ ಇವತ್ತಲ್ಲ ನಾಳೆ ತನ್ನದೇ ಎಂದು ಅವನು ಒಳಗೊಳಗೇ ಬರೆದಿಟ್ಟುಕೊಂಡಿದ್ದ.

ವರ್ಷಕ್ಕೊಮ್ಮೆ ಡಿಸೆಂಬರಿನ ಚಳಿಯಲ್ಲಿ ಗುಂಡ್ಲುಪೇಟೆಯ ಮೈದಾನದಲ್ಲಿ ಹಳೇ ಗಾಡಿಗಳ ರ‍್ಯಾಲಿ ನಡೆಯುತ್ತಿತ್ತು. ಪ್ರಸನ್ನನೂ ಅವನ ಗೆಳೆಯ ವಸಂತನೂ ತಮ್ಮ ಗುಂಪು ಕಟ್ಟಿಕೊಂಡು ಮೈಸೂರಿನಿಂದ ಓಡಿಸಿಕೊಂಡು ಹೋಗುವವರು. ಪ್ರತಿ ವರ್ಷ ಅವನು ಜಾವಾ ಕೇಳುವುದು, ಜವರಪ್ಪನವರು ನೋಡೋಣ ಎನ್ನುವುದು ನಡೆದೇ ಇತ್ತು. ಈ ಸಲ ಅವರು ಮಂಡಿ ನೋವು, ಇನ್ನು ನನ್ನ ಕೈಲಿ ಕಿಕ್ ಹೊಡೆಯಲಾಗದು ಎಂದವರು ಎದ್ದು, ಹಜಾರದಲ್ಲಿ ಬಾಬಾಸಾಹೇಬರ ಪಟದ ಕೆಳಗೆ ತೂಗುತ್ತಿದ್ದ ಕೀಲಿ ತೆಗೆದರು. ಪ್ರಸನ್ನ ಕೈ ಒರೆಸಿಕೊಂಡು ಎದ್ದು ನಿಂತ. ಮಾವ ಅವನನ್ನು ದಾಟಿಕೊಂಡು ಹೋಗಿ ಕೀಲಿಯನ್ನು ಮಗಳ ಅಂಗೈಯಲ್ಲಿಟ್ಟರು.

"ತಗಳವ್ವ. ಈ ಸಲ ನೀನೇ ಓಡುಸ್ಕೊಂಡು ಹೋಗು. ಗಾಡಿ ನಿಂದೇ ಕಣವ್ವ, ನಾನು ಯಾವತ್ತೋ ಅಂದ್ಕೊಂಡ್ಬುಟ್ಟಿದ್ದೆ."

ಅನುಪಮಾಳಿಗೆ ಜಾವಾ ಹೊಸದಲ್ಲ. ಕಾಲೇಜಿನ ದಿನಗಳಲ್ಲಿ ಅಪ್ಪನೇ ದೊಡ್ಡಕೆರೆ ಮೈದಾನದಲ್ಲಿ ಕಲಿಸಿದ್ದರು. ಮದುವೆಯಾದ ಮೇಲೆ ಪ್ರಸನ್ನ, ಹೆಂಗಸರಿಗೆ ಸ್ಕೂಟರ್ ಸಾಕು, ನೋಡುವವರು ಏನಂದಾರು ಎಂದಿದ್ದ. ಅವಳು ವಾದಕ್ಕೆ ಇಳಿಯದೆ ಆಸ್ಪತ್ರೆಯ ಲ್ಯಾಬಿನ ಕೆಲಸಕ್ಕೆ ಸ್ಕೂಟರಿನಲ್ಲೇ ಹೋಗಿ ಬರುತ್ತಿದ್ದಳು. ಈಗ ಕೀಲಿ ಹಿಡಿದು ಅವಳ ಮುಖ ಅರಳಿದ್ದನ್ನು ಕಂಡು ಪ್ರಸನ್ನನೂ ನಕ್ಕ. ಹೊಟ್ಟೆಯಲ್ಲಿ ಮಾತ್ರ ಬೆಂಕಿ ಬಿದ್ದಿತ್ತು. ಕಂಡವರ ಗಾಡಿಯ ಮೇಲೆ ಹೊಟ್ಟೆ ಉರಿದರೆ ಹೆಂಡತಿಯ ಹತ್ತಿರ ಹೇಳಿಕೊಂಡು ಹಗುರಾಗಬಹುದು. ಹೆಂಡತಿಯ ಮೇಲೇ ಉರಿದರೆ ಯಾರ ಹತ್ತಿರ ಹೇಳಿಕೊಳ್ಳುವುದು?

ಗುಂಪಿನ ವಾಟ್ಸಾಪಿನಲ್ಲಿ ವಸಂತ ಜಾವಾ ಮೇಲೆ ಕೂತ ಅವಳ ಫೋಟೋ ಹಾಕಿದ. ಚಪ್ಪಾಳೆಗಳು ಬಿದ್ದವೋ ಬಿದ್ದವು. ಪ್ರಸನ್ನನ ಯೆಜ್ಡಿಗೆ ಇಷ್ಟು ವರ್ಷದಲ್ಲಿ ಒಂದು ಹೆಬ್ಬೆರಳೂ ಎದ್ದಿರಲಿಲ್ಲ. ಅವನೂ ಒಂದು ಚಪ್ಪಾಳೆ ಒತ್ತಿ ಫೋನನ್ನು ಮಗುಚಿಟ್ಟ.

ಹೊರಡುವ ಬೆಳಿಗ್ಗೆ ವಸಂತ ಎಂದಿನಂತೆ ಗುಂಪಿನ ಎರಡು ಕಟ್ಟಳೆಗಳನ್ನು ಹೇಳಿದ. ಎಲ್ಲಕ್ಕಿಂತ ಹಳೆಯ ಗಾಡಿ ಮುಂದೆ ಹೋಗಬೇಕು. ಇನ್ನೊಂದು, ಮುಂದಿನ ಗಾಡಿಗೆ ಹಿಂದಿನವನೇ ಕಣ್ಣು. ಚೀಲ ಜಾರಲಿ, ಚಕ್ರದ ಗಾಳಿ ಇಳಿಯಲಿ, ಕಂಡ ತಕ್ಷಣ ಹಾರ್ನ್ ಹೊಡೆದು ಹೇಳಬೇಕು. ಓಡಿಸುವವನಿಗೆ ತನ್ನ ಹಿಂಭಾಗ ಕಾಣುವುದಿಲ್ಲವಲ್ಲ. ಹಾಗಾಗಿ ಜಾವಾ ಮುಂದಾಯಿತು. ಗಂಡ ತಾನೆ, ನೋಡಿಕೊಳ್ಳಲಿ ಎಂದು ಪ್ರಸನ್ನನನ್ನು ಅದರ ಹಿಂದೆ ಹಾಕಿದರು. ಆ ಮುಂದಿನ ಜಾಗದಲ್ಲಿ ತಾನಿರುವುದನ್ನು ಅವನು ಎಷ್ಟು ಭಾನುವಾರ ಕನಸು ಕಂಡಿದ್ದನೋ.

ಕಡಕೊಳದ ಬಂಕಿನಲ್ಲಿ ಎಲ್ಲರೂ ಪೆಟ್ರೋಲ್ ಹಾಕಿಸಿದರು. ಈ ಹಳೇ ಗಾಡಿಗಳಿಗೆ ಬರೀ ಪೆಟ್ರೋಲ್ ಸಾಲದು, ಅದರ ಜೊತೆ ಎಂಜಿನ್ನಿನ ಎಣ್ಣೆಯನ್ನೂ ಅಳೆದು ಬೆರೆಸಬೇಕು. ಮರೆತರೆ ಸ್ವಲ್ಪ ದೂರ ಚೆನ್ನಾಗಿಯೇ ಓಡಿ, ಒಣಗಿದ ಎಂಜಿನ್ ಕಾದು ಕಚ್ಚಿಕೊಳ್ಳುತ್ತದೆ. ಅನುಪಮಾ ಪೆಟ್ರೋಲ್ ಹಾಕಿಸಿದಳು, ಮುಚ್ಚಳ ತಿರುಗಿಸಿದಳು. ಎಣ್ಣೆ ಹಾಕಿಸಲಿಲ್ಲ.

ಪ್ರಸನ್ನ ನೋಡಿದ. ಹೇಳಲು ಬಾಯಿಯನ್ನೂ ತೆರೆದ. ಅಷ್ಟರಲ್ಲಿ ವಸಂತ ಅವನ ಬೆನ್ನಿಗೆ ಹೊಡೆದು, "ಗೇರ್ ಹಾಕೋದನ್ನ ಮೇಡಂ ಹತ್ರ ಕಲ್ತ್ಕೊ ಕಣೋ, ಬೆಣ್ಣೆ ಹಂಗೆ ಹೋಯ್ತಾರೆ" ಎಂದ. ಎಲ್ಲರೂ ನಕ್ಕರು. ಅನುಪಮಾಳೂ ನಕ್ಕಳು. ಪ್ರಸನ್ನನ ಬಾಯಿ ಮುಚ್ಚಿಕೊಂಡಿತು.

ಮತ್ತೆ ಹೊರಟರು. ರಸ್ತೆಯ ಮೇಲೆ ದಟ್ಟ ಮಂಜು. ಕೇಳಿದ್ದರೆ ಹೇಳುತ್ತಿದ್ದೆ, ಅಷ್ಟು ಗೊತ್ತಿರುವವಳಿಗೆ ಇದು ಗೊತ್ತಿರಬೇಡವೇ ಎಂದು ಪ್ರಸನ್ನ ಮನಸ್ಸಿನಲ್ಲೇ ಜಗಳ ಆಡುತ್ತ ಬಂದ. ಟ್ಯಾಂಕಿನ ತಳದಲ್ಲಿ ಹಳೇ ಎಣ್ಣೆ ಒಂದಿಷ್ಟು ಇದ್ದೇ ಇರುತ್ತದೆ. ಈ ಚಳಿಗೆ ಎಂಜಿನ್ ಬೇಗ ಕಾಯುವುದೂ ಇಲ್ಲ. ನಂಜನಗೂಡಿನಲ್ಲಿ ಟೀಗೆ ನಿಂತಾಗ ಹೇಳಿದರಾಯಿತು. ಆದರೆ ಗುಂಪು ಟೀಗೆ ನಿಲ್ಲಲಿಲ್ಲ, ಕಪಿಲೆಯ ಸೇತುವೆ ದಾಟಿ ಮುಂದೆ ಹೋಯಿತು. ಅವನೂ ಹಾರ್ನ್ ಮುಟ್ಟಲಿಲ್ಲ.

ಅವನ ಕಣ್ಣ ಮುಂದೆ ಒಂದು ಚಿತ್ರ ಬರುತ್ತಿತ್ತು. ಜಾವಾ ಕೆಟ್ಟು ನಿಂತಿದೆ. ಅದನ್ನು ಟೆಂಪೋಗೆ ಏರಿಸಿ ಕುಂಬಾರಕೊಪ್ಪಲಿಗೆ ತಂದಿದ್ದಾರೆ. ಮಾವ ತಲೆ ತಗ್ಗಿಸಿಕೊಂಡು, ನಿಮಗೇ ಕೊಡಬೇಕಿತ್ತು ಅಳಿಯಂದ್ರೇ ಅನ್ನುತ್ತಿದ್ದಾರೆ. ಚಿತ್ರ ಎಷ್ಟು ಸೊಗಸಾಗಿತ್ತೆಂದರೆ ಅದನ್ನು ಬಿಟ್ಟು ಬರಲು ಅವನಿಗೆ ಮನಸ್ಸಾಗಲಿಲ್ಲ. ಎಣ್ಣೆ ಬೆರೆತ ಪೆಟ್ರೋಲು ಉರಿದರೆ ನೀಲಿ ಹೊಗೆ ಬರುತ್ತದೆ. ಆ ಹೊಗೆ ದಾರಿಯುದ್ದಕ್ಕೂ ಜಾವಾದ ಹಿಂದೆ ಬರುತ್ತಲೇ ಇತ್ತು. ಅದರ ವಾಸನೆಯನ್ನು ಚಳಿಗೆ ಮೂಗಿಗೆ ಸುತ್ತಿಕೊಂಡ ಮಫ್ಲರ್ ತಡೆಯಿತು. ಬಣ್ಣವನ್ನು ಮಂಜು ಮರೆಸಿತು. ಅದೆಲ್ಲ ನೆಪ ಬಿಡಿ, ಅವನು ನೋಡುತ್ತಿದ್ದುದು ಗಾಡಿಯನ್ನಲ್ಲ, ಆ ಚಿತ್ರವನ್ನು.

ಬೇಗೂರು ಹತ್ತಿರವಾದಾಗ ಕೇರಳದ ಲಾರಿಯೊಂದು ಅವನನ್ನು ಹಿಂದೆ ಹಾಕಿ ಮುಂದೆ ನುಗ್ಗಿ, ಜಾವಾದ ಬೆನ್ನಿಗೇ ಅಂಟಿಕೊಂಡಿತು. ಎಂಜಿನ್ ಕಚ್ಚಿಕೊಂಡರೆ ಗಾಡಿ ಸುಮ್ಮನೆ ನಿಲ್ಲುವುದಿಲ್ಲ, ಹಿಂದಿನ ಚಕ್ರ ಇದ್ದಕ್ಕಿದ್ದಂತೆ ಬಿಗಿದು ಓಡಿಸುವವರನ್ನು ಎತ್ತಿ ಎಸೆಯುತ್ತದೆ. ಇದು ಅವನಿಗೆ ಈಗ ಹೊಳೆದ ವಿಷಯವಲ್ಲ. ಕಡಕೊಳದಲ್ಲೂ ಗೊತ್ತಿತ್ತು. ಅವನು ಹಾರ್ನ್ ಒತ್ತಿಹಿಡಿದು, ಪಕ್ಕದ ಮಣ್ಣಿಗೆ ಇಳಿದು ಲಾರಿಯನ್ನು ದಾಟಿ, ಅವಳ ಪಕ್ಕಕ್ಕೆ ಬಂದು ಕೈ ಬೀಸಿದ. ಅವಳು ಹುಣಸೇಮರದ ಕೆಳಗೆ ನಿಲ್ಲಿಸಿದಳು.

"ಅನು, ಎಣ್ಣೆ ಹಾಕಿಸಿದ್ಯಾ?" ಅವನಿಗೆ ಏದುಸಿರು. "ಈಗ ನೆನಪಾಯ್ತು ನೋಡು ನಂಗೆ."

ಅನುಪಮಾ ಹೆಲ್ಮೆಟ್ ತೆಗೆದು ಟ್ಯಾಂಕಿನ ಮೇಲಿಟ್ಟಳು.

"ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗಲೇ ಟ್ಯಾಂಕಿಗೆ ಹಾಕಿದ್ದೆ ರೀ. ನಮ್ಮ ಲಹರಿ ಪಾಪು ಆಗಿದ್ದಾಗಿನ ಹಾಲಿನ ಬಾಟ್ಲೀಲಿ ಅಳೆದು. ಮೇಲೆ ಪೆಟ್ರೋಲ್ ಬಿದ್ರೆ ಚೆನ್ನಾಗಿ ಬೆರೆಯುತ್ತೆ ಅಂತ ಅಪ್ಪ ಹೇಳಿದ್ರು."

ಪ್ರಸನ್ನನಿಗೆ ಹೋದ ಜೀವ ಬಂದಂತಾಯಿತು. ಒಳ್ಳೇದಾಯ್ತು, ಒಳ್ಳೇದಾಯ್ತು ಎಂದು ಮಫ್ಲರಿನಿಂದ ಮುಖ ಒರೆಸಿಕೊಂಡ. ಅವಳು ಅವನನ್ನೇ ನೋಡುತ್ತಿದ್ದಳು.

"ಬಂಕಲ್ಲಿ ನಾನು ಮುಚ್ಚಳ ಹಾಕ್ದಾಗ ನೀವು ಬಾಯಿ ತೆಗೆದು ಮುಚ್ಕೊಂಡ್ರಿ. ಕನ್ನಡೀಲಿ ಕಾಣ್ತಿತ್ತು. ನಾನೇ ಹೇಳ್ಬೋದಿತ್ತು. ನೀವು ಹೇಳ್ತೀರಾ ನೋಡೋಣ ಅಂತ ನಿಧಾನವಾಗಿ ಓಡುಸ್ದೆ. ಹೊಳೆ ದಾಟಿದ್ಮೇಲೆ ಕಾಯೋದು ಬಿಟ್ಟೆ."

ಅವನು ಲಾರಿ, ಚಳಿ, ವಸಂತ ಎಂದು ಏನೇನೋ ತೊದಲಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೀಲಿ ತೆಗೆದು ಅವನ ಕೈಗಿಟ್ಟಳು.

"ಇದಕ್ಕೋಸ್ಕರ ತಾನೆ? ತಗೊಳ್ಳಿ, ಓಡ್ಸಿ. ಯೆಜ್ಡಿ ನಾನು ತರ್ತೀನಿ."

ಅಷ್ಟರಲ್ಲಿ ಉಳಿದವರು ಬಂದು ಸುತ್ತ ನಿಂತರು. ಏನಾಯಿತು ಎಂದು ವಸಂತ ಕೇಳಿದ್ದಕ್ಕೆ ಅನುಪಮಾಳೇ, ಮಣಿಕಟ್ಟು ನೋಯುತ್ತಿದೆ, ಇನ್ನು ಇವರು ಓಡಿಸುತ್ತಾರೆ ಎಂದಳು. ಸರಿ, ಹಳೇ ಗಾಡಿ ಮುಂದೆ ಎಂದು ವಸಂತ ಕೈ ಮಾಡಿದ.

ಜಾವಾ ಒಂದೇ ಕಿಕ್ಕಿಗೆ ಎದ್ದಿತು. ಮಂಜು ಕರಗಿ ಬಿಸಿಲು ಬಿದ್ದಿತ್ತು. ರಸ್ತೆಬದಿಯ ಜನ ತಿರುಗಿ ತಿರುಗಿ ನೋಡಿದರು, ಒಬ್ಬ ಫೋನ್ ಎತ್ತಿ ಹಿಡಿದ. ಅವನು ಬಯಸಿದ್ದು ಇದನ್ನೇ. ಆದರೆ ಅವನ ಕಣ್ಣು ರಸ್ತೆಗಿಂತ ಕನ್ನಡಿಯಲ್ಲೇ ಹೆಚ್ಚು ಇತ್ತು. ಯೆಜ್ಡಿಯ ಮೇಲೆ ಅನುಪಮಾ, ಅವನು ಅಷ್ಟು ಹೊತ್ತು ಇಟ್ಟುಕೊಂಡು ಬಂದಿದ್ದಷ್ಟೇ ಅಂತರ ಬಿಟ್ಟು, ಹಿಂದೆ ಬರುತ್ತಿದ್ದಳು. ಅವಳು ಹಾರ್ನ್ ಹೊಡೆಯಲಿಲ್ಲ. ಗಾಡಿಯಲ್ಲಿ ಏನೂ ಆಗಿಲ್ಲವೋ, ಏನೋ ಆಗಿದ್ದು ಅವಳಿಗೆ ಕಂಡೂ ಸುಮ್ಮನಿದ್ದಾಳೋ, ಅವನಿಗೆ ತಿಳಿಯಲಿಲ್ಲ. ಸ್ಟ್ಯಾಂಡ್ ಎತ್ತಿದ್ದೇನೆಯೇ ಎಂದು ಕಾಲಿನಿಂದ ತಡವಿ ನೋಡಿದ. ಎತ್ತಿಯೇ ಇತ್ತು. ಸ್ವಲ್ಪ ದೂರ ಹೋಗಿ ಮತ್ತೆ ತಡವಿದ. ಗುಂಡ್ಲುಪೇಟೆ ಬರುವವರೆಗೂ ತಡವುತ್ತಲೇ ಇದ್ದ.