ಮೊಳೆತ ಗೋಧಿ

ಎದುರಿಗಿದ್ದವರು ಮಾತಾಡುವಾಗ ದ್ರಾಕ್ಷಾಯಿಣಿಯವರ ಬಲಗೈಯ ಹೆಬ್ಬೆರಳು ತೋರುಬೆರಳಿನ ತುದಿಯನ್ನು ಮೆಲ್ಲಗೆ ಉಜ್ಜುತ್ತಿರುತ್ತಿತ್ತು. ಕೇಳುವ ಮಾತೂ ಒಂದು ಕಾಳೇ ಆಗಿದ್ದು, ಬಣ್ಣ ಬಿಡುತ್ತದೆಯೋ ಇಲ್ಲವೋ ಎಂದು ನೋಡುವ ಹಾಗೆ. ರಾಣೆಬೆನ್ನೂರಿನ ಬೀಜದ ಕಂಪನಿಯೊಂದರ ಪರೀಕ್ಷಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷ ಬದನೆ, ಮೆಣಸು, ಜೋಳದ ಸಾಚಾತನವನ್ನು ಅಳೆದು ನಿವೃತ್ತವಾದ ಆ ಬೆರಳುಗಳಿಗೆ ವಿಶ್ರಾಂತಿಯೆಂಬುದು ಒಗ್ಗಿರಲಿಲ್ಲ. ಯಾರು ಏನೇ ಹೇಳಲಿ, “ಇರ್ಲಿ, ನೋಡೂಣು” ಎಂಬುದೇ ಅವರ ಉತ್ತರ. ಆ ಎರಡು ಪದಗಳೆದುರು ಸೀರೆ ಅಂಗಡಿಯವರೂ ಜಾತಕ ತಂದ ಬೀಗರೂ ಮಾತು ಮರೆಯುತ್ತಿದ್ದರು.

ಹಾವೇರಿಯಲ್ಲಿ ಪ್ರವಾಸದ ಏಜೆನ್ಸಿ ನಡೆಸುವ ಮನೋಹರ, ಜಿಲ್ಲೆಯ ಇಪ್ಪತ್ತೆರಡು ಜನರನ್ನು ಕೂಡಿಸಿ ಈಜಿಪ್ಟಿಗೆ ಪ್ರವಾಸ ಹೊರಡಿಸಿದಾಗ ಅವರೂ ಹೊರಟದ್ದು ಎಲ್ಲರಿಗೂ ಸೋಜಿಗ. ಪಿರಮಿಡ್ಡುಗಳನ್ನು ಶಾಲೆಯ ಪುಸ್ತಕದಲ್ಲಿ ಮಾತ್ರ ನೋಡಿದ್ದೇನೆ, ಚಿತ್ರವನ್ನು ಯಾರು ಬೇಕಾದರೂ ಬರೆಯಬಹುದು ಎಂಬುದು ಅವರು ಕೊಟ್ಟ ಕಾರಣ. ಬೂದು ಬಣ್ಣದ ಸ್ವೆಟರಿನ ಒಳಗೆ ಪಾಸ್‌ಪೋರ್ಟಿಗೆಂದು ಜೇಬು ಹೊಲಿಸಿಕೊಂಡಿದ್ದರು. ಮರುಭೂಮಿಯ ಬಿಸಿಲಿನಲ್ಲಿ ಮಿಕ್ಕವರು ಬೆವರಿ ನೀರಾದರೂ ಅದನ್ನು ಕಳಚಲಿಲ್ಲ. ಸಣ್ಣ ಸಣ್ಣ ಹೆಜ್ಜೆಯಿಡುತ್ತ ಗುಂಪಿನ ಕೊನೆಗೇ ನಡೆಯುತ್ತಿದ್ದರು, ಮುಂದಿನವರೆಲ್ಲ ಕಣ್ಣಿಗೆ ಬೀಳಬೇಕೆಂದು. ಕೈರೋದ ವಸ್ತುಸಂಗ್ರಹಾಲಯದಲ್ಲಿ ಗಾಜಿನೊಳಗೆ ಮಲಗಿದ್ದ ಅರಸನ ಶವಕ್ಕೆ ಎಲ್ಲರೂ ಕೈಮುಗಿದು ನಿಂತಿದ್ದರೆ, ಇವನೇ ಅವನೆಂದು ಹೇಗೆ ಗೊತ್ತಾಯಿತೆಂದು ಇವರು ಮನೋಹರನಿಂದ ಕೇಳಿಸಿದರು. ಅಲ್ಲಿಯ ಗೈಡು ಹಿಗ್ಗಿ, ಸುತ್ತಿದ ಬಟ್ಟೆಯ ಮೇಲಿನ ಬರಹದಿಂದ ಹಿಡಿದು ಅರ್ಧ ಗಂಟೆ ವಿವರಿಸಿದ. ಇವರು ತಲೆಯಾಡಿಸಿದರು, ಒಪ್ಪಿದರೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ.

ಅವರ ಕೋಣೆಯಲ್ಲಿ ಜೊತೆಗಿದ್ದವಳು ಕರ್ಜಗಿಯ ಪ್ರೇಮವ್ವ. ಗಂಡ ಅಂಜಿನಪ್ಪ ಪ್ರವಾಸಕ್ಕೆ ಇಬ್ಬರ ಹೆಸರನ್ನೂ ಬರೆಸಿ, ಹೊರಡಲು ಮೂರು ತಿಂಗಳಿರುವಾಗ ತೀರಿಕೊಂಡಿದ್ದ. ಅವನಿಂದ ತೆರವಾದ ಜಾಗವೇ ತಮಗೆ ಸಿಕ್ಕದ್ದೆಂದು ತಿಳಿದಾಗ ದ್ರಾಕ್ಷಾಯಿಣಿಯವರು ಮೊದಲು ಅನುಮಾನಿಸಿದ್ದು ಅದನ್ನೇ. ತಾವು ಕೋಣೆಯ ಬಗ್ಗೆ ತಕರಾರು ತೆಗೆಯದಿರಲೆಂದು ಮನೋಹರ ಕಟ್ಟಿದ ಕಥೆಯೇ ಇದು? ಪ್ರೇಮವ್ವ ಪ್ರತಿ ಊಟಕ್ಕೂ ಮೊದಲ ತುತ್ತನ್ನು ಗಂಡನಿಗೆಂದು ತಟ್ಟೆಯ ಅಂಚಿಗೆ ತೆಗೆದಿಡುವುದನ್ನು ಎರಡು ದಿನ ಕಂಡ ಮೇಲೆ ಆ ಸಂಶಯ ಬಿಟ್ಟರು.

ಲಕ್ಸರ್‌ನಲ್ಲಿ ಮನೋಹರ ಎಲ್ಲರನ್ನೂ ಒಂದು ಅಂಗಡಿಗೆ ಕರೆದೊಯ್ದ. ಅಂಗಡಿಯವನು ಪುಟ್ಟ ಮರದ ಡಬ್ಬಿ ತೆರೆದು ಹಿಡಿಯಷ್ಟು ಗೋಧಿ ತೋರಿಸಿದ. ಮೂರು ಸಾವಿರ ವರ್ಷಗಳ ಹಿಂದೆ ಅರಸನ ಗೋರಿಯೊಳಗೆ ಇಟ್ಟದ್ದಂತೆ, ಬಿತ್ತಿದರೆ ಇಂದಿಗೂ ಮೊಳೆಯುತ್ತದಂತೆ. ಪ್ರೇಮವ್ವ ಆ ಕಾಳುಗಳನ್ನು ಬಹಳ ಹೊತ್ತು ನೋಡಿದಳು. ಸತ್ತವನ ಪಕ್ಕದಲ್ಲಿ ಅಷ್ಟು ಕಾಲ ಮಲಗಿಯೂ ಜೀವ ಹಿಡಿದ ಕಾಳು. ಕೊಂಡು ಸೆರಗಿಗೆ ಕಟ್ಟಿಕೊಂಡಳು. ಹೊಲದಲ್ಲಿ ಗಂಡನ ಸಮಾಧಿಯ ಸುತ್ತ ಬಿತ್ತುವೆನೆಂದಳು. ಅಂಗಡಿಯವನಿಗೂ ಮನೋಹರನಿಗೂ ಏನೋ ಒಳಒಪ್ಪಂದವಿದೆಯೆಂದು ದ್ರಾಕ್ಷಾಯಿಣಿಯವರಿಗೆ ಆಗಲೇ ಗುಮಾನಿ. ಅವಳಿಂದ ಹತ್ತು ಕಾಳು ಕೇಳಿ ಪಡೆದು, ಒದ್ದೆ ಕಾಗದದಲ್ಲಿ ಸುತ್ತಿ ಸಾಬೂನಿನ ಡಬ್ಬಿಯಲ್ಲಿಟ್ಟರು.

ನೈಲ್ ನದಿಯ ಮೇಲೆ ಹಡಗು ನಾಲ್ಕನೆಯ ಬೆಳಿಗ್ಗೆ ಅಸ್ವಾನ್ ತಲುಪಿತು. ನಾಷ್ಟಾದ ವೇಳೆಗೆ ಡಬ್ಬಿ ತೆರೆದರೆ ಹತ್ತರಲ್ಲಿ ಎಂಟು ಕಾಳು ಬೆಳ್ಳಗೆ ಮೊಳೆತಿದ್ದವು. ಪ್ರೇಮವ್ವ ಅದನ್ನು ಎತ್ತಿಕೊಂಡು ಮೇಜಿನಿಂದ ಮೇಜಿಗೆ ತೋರಿಸಿ ಬಂದಳು. ಆ ಹತ್ತು ದಿನದ ಪ್ರವಾಸದಲ್ಲಿ ಅವಳು ನಕ್ಕದ್ದು ಅಂದೇ. ಈಗಲಾದರೂ ನಂಬುತ್ತೀರಾ ಎಂದು ಮನೋಹರ ಎಲ್ಲರೆದುರು ಕೇಳಿದ.

“ಮೊಳಕಿ ಬಂದಾವಲ್ಲ, ಅದಕ್ಕ ಸುಳ್ಳಂತ ಗೊತ್ತಾತು,” ಎಂದರು ದ್ರಾಕ್ಷಾಯಿಣಿಯವರು. “ಅಷ್ಟು ವರ್ಷದ ಗೋಧಿ ಎಂದೋ ಸತ್ತಿರತೈತಿ. ಇವು ಹ್ವಾದ ಸುಗ್ಗಿಯವು.”

ಪರದೇಶದ ಬೀಜದ ಜೊತೆ ರೋಗವೂ ಬರಬಹುದು, ಅಪ್ಪಣೆಯಿಲ್ಲದೆ ಒಯ್ಯುವಂತಿಲ್ಲ, ಕರ್ಜಗಿಯ ಹೊಲಗಳಿಗೆ ಬೇಡ ಎಂದೂ ಅವರು ಸೇರಿಸಿದರು. ಹೇಳಿದ್ದು ಸತ್ಯ, ಆದರೆ ಕೋಣೆಯಲ್ಲಿ ಒಬ್ಬಳಿಗೇ ಹೇಳಬಹುದಿತ್ತೆಂದು ಅವರಿಗೆ ಹೊಳೆದದ್ದು ಪ್ರೇಮವ್ವನ ಮುಖ ನೋಡಿದ ಮೇಲೆ. ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟು ಎದ್ದು ಹೋದಳು.

ಮರಳುವ ದಿನ ವಿಮಾನ ನಿಲ್ದಾಣದಲ್ಲಿ, ಕಾಳನ್ನೆಲ್ಲ ನದಿಯ ದಂಡೆಯ ಹಕ್ಕಿಗಳಿಗೆ ಚೆಲ್ಲಿದೆನೆಂದು ಅವಳೇ ಬಂದು ತಿಳಿಸಿದಳು. ದ್ರಾಕ್ಷಾಯಿಣಿಯವರ ಬೆರಳು ಉಜ್ಜತೊಡಗಿತು. ಸೆರಗಿನ ಗಂಟು ತೋರಿಸು ಎಂದು ಬಾಯಿ ತಾನಾಗಿ ಕೇಳಿಬಿಟ್ಟಿತು. ಪ್ರೇಮವ್ವ ಅವಸರಿಸದೆ ಗಂಟು ಬಿಚ್ಚಿ, ಸೆರಗನ್ನು ಅಂಗೈ ಮೇಲೆ ಹರಡಿದಳು. ಒಂದು ಕಾಳೂ ಇರಲಿಲ್ಲ.

“ನಿಮಗ ಸುಳ್ಳು ಹೇಳಿ ನಾ ಏನ ಮಾಡ್ಲಿರಿ ಅಕ್ಕಾರ?”

ಇಪ್ಪತ್ತೊಂಬತ್ತು ವರ್ಷ ಲಕ್ಷಗಟ್ಟಲೆ ಬೀಜ ನೋಡಿದವರು. ಒಂದು ಬೀಜವೂ ತಿರುಗಿ ಅವರ ಮುಖ ನೋಡಿರಲಿಲ್ಲ. “ತಪ್ಪಾತು ತಂಗಿ,” ಎಂದರು. ಪ್ರೇಮವ್ವ ಸೆರಗು ಕೊಡವಿ ಹೆಗಲಿಗೆ ಹಾಕಿಕೊಂಡು, ವಿಮಾನದ ಸಾಲಿಗೆ ಹೋಗಿ ನಿಂತಳು.

ಅದೇ ವರ್ಷ ಮುಂಗಾರಿನ ಮೊದಲ ಮಳೆಗೆ ಪ್ರೇಮವ್ವ ರಾಣೆಬೆನ್ನೂರಿನಲ್ಲಿ ದ್ರಾಕ್ಷಾಯಿಣಿಯವರ ಮನೆಯ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಗೋವಿನಜೋಳದ ಒಂದು ಪೊಟ್ಟಣ. ಗಂಡನಿಲ್ಲದೆ ಅವಳು ಮಾಡಿಸುವ ಮೊದಲ ಬಿತ್ತನೆ. “ಎಲ್ಲಾರೂ ಚೊಲೋ ಬೀಜ ಅಂತಾರ್ರಿ,” ಎಂದಳು. “ನೀವು ನೋಡಿ ಹೇಳ್ರಿ.” ದ್ರಾಕ್ಷಾಯಿಣಿಯವರು ಅವಳನ್ನು ಕೂಡಿಸಿ, ಚಹಾ ಕೊಟ್ಟು, ನೂರು ಕಾಳು ಆರಿಸಿ ನೆನೆಹಾಕಿದರು. ವಾರ ಕಳೆದರೂ ಅರ್ಧದಷ್ಟೂ ಮೊಳೆಯಲಿಲ್ಲ. ಈ ಸಲ ಎಲ್ಲರೆದುರೂ ಅಲ್ಲ, ಫೋನಿನಲ್ಲೂ ಅಲ್ಲ, ಬಸ್ಸು ಹತ್ತಿ ಕರ್ಜಗಿಗೆ ಹೋಗಿ, ಅವಳ ಪಕ್ಕದಲ್ಲಿ ಕುಳಿತು ಹೇಳಿದರು. ಆ ಬೀಜ ಅಂಗಡಿಗೆ ಮರಳಿತು. ಹೊಲಕ್ಕೆ ಬೇರೆ ಬೀಜ ಬಿದ್ದಿತು.

ಸಂಶಯದ ಜನರನ್ನು ಮದುವೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂಡಿಸಿಕೊಳ್ಳಲು ಯಾರಿಗೂ ಮನಸ್ಸಿಲ್ಲ; ಅವರ ಸನ್ನಿಧಿಯಲ್ಲಿ ನಮ್ಮ ಸಣ್ಣಪುಟ್ಟ ಸಂತೋಷಗಳೂ ಸಾಕ್ಷಿ ಹುಡುಕಬೇಕಾಗುತ್ತದೆ. ಕಾಳನ್ನು ಪರೀಕ್ಷಿಸುವ ಕಣ್ಣಿನಿಂದ ಮನುಷ್ಯರನ್ನು ನೋಡಬಾರದೆಂದು ಅವರು ಕಲಿಯುವುದು ತಡವಾಗಿ, ಕೆಲವರು ಕಲಿಯುವುದೇ ಇಲ್ಲ. ಆದರೂ ಹೊಗಳುವವರೆಲ್ಲ ಹೊಗಳಿ ಹೋದ ಮೇಲೆ, ನೆಲ ಹದವಾಗಿ ನಿಂತಾಗ, ನಮ್ಮ ಕಾಲು ನಡೆಯುವುದು ಅಂಥವರ ಮನೆಯ ಕಡೆಗೇ.